ಎರಡು ದಿನವಾದರೂ ಹೋಗದ ಪಿತ್ತದ ಗಂಧೆ

ಪ್ರಶ್ನೆ: ನನಗೆ 47 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಎರಡು ತಿಂಗಳಿಂದ ತೊಡೆ, ಹೊಟ್ಟೆ, ಬೆನ್ನಿನ ಮೇಲೆ ಪಿತ್ತದ ಗಂಧೆಯ ಹಾಗೆ ದಪ್ಪ ದಪ್ಪ ಏಳುತ್ತಿದೆ. ತುರಿಕೆಗಿಂತ ಉರಿ ಜಾಸ್ತಿ. ಒಮ್ಮೆ ಎದ್ದರೆ ಎರಡು ಮೂರು ದಿನ ಇರುತ್ತದೆ. ಹೋದ ಮೇಲೆ ಕಂದು ಕಲೆ ಉಳಿಯುತ್ತದೆ. ಮುರುಗಲು ಸಾರು ಕುಡಿದೆ, ಅಲರ್ಜಿ ಮಾತ್ರೆ ತಿಂದೆ, ನಂಜು ಅಂತ ಬದನೆಕಾಯಿ, ಒಣಮೀನು ಬಿಟ್ಟೆ. ಗುಣ ಕಾಣಲಿಲ್ಲ. ಮಣಿಕಟ್ಟು, ಮಂಡಿ ನೋವು ಶುರುವಾಗಿದೆ. ಈಗ ಕಾಲಿನ ಮೇಲೆ ಬಲೆಯಂಥ ನೀಲಿ ಗೆರೆಗಳೂ ಕಾಣುತ್ತಿವೆ. ಶಿವಮೊಗ್ಗದ ಚರ್ಮದ ಡಾಕ್ಟರು ‘ವ್ಯಾಸ್ಕುಲೈಟಿಸ್ ಇರಬಹುದು, ಬಯಾಪ್ಸಿ ಮಾಡೋಣ’ ಎಂದರು. ಬಯಾಪ್ಸಿ ಅಂದರೆ ಕ್ಯಾನ್ಸರ್ ಅನುಮಾನವೇ? ಅಡಿಕೆ ಕೊಯ್ಲು ಶುರುವಾಗಿದೆ. ಅದು ಮುಗಿದ ಮೇಲೆ ಮಾಡಿಸಿದರೆ ಆಗದೇ?

ಉತ್ತರ: ಮೊದಲು ಹೆದರಿಕೆಯ ಮಾತು ಮುಗಿಸೋಣ. ನಿಮ್ಮ ಡಾಕ್ಟರು ಬಯಾಪ್ಸಿ ಹೇಳಿದ್ದು ಕ್ಯಾನ್ಸರ್ ಹುಡುಕಲು ಅಲ್ಲ. ಚರ್ಮದೊಳಗಿನ ಸಣ್ಣ ರಕ್ತನಾಳಗಳ ಗೋಡೆಗೆ ಉರಿಯೂತ ಬಂದಿದೆಯೇ ಎಂದು ನೋಡಲು. ವ್ಯಾಸ್ಕುಲೈಟಿಸ್ ಎಂದರೆ ಇದೇ. ಬರೀ ರಕ್ತ ಪರೀಕ್ಷೆಯಿಂದ ಇದನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಚರ್ಮದ ಸಣ್ಣ ತುಣುಕು ತೆಗೆದು ನಾಳದ ಗೋಡೆಯನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಬಯಾಪ್ಸಿ ಎಂದರೆ ಅಷ್ಟೇ. ಕೊಯ್ಲು ಮುಗಿಯುವವರೆಗೆ ಕಾಯುವುದು ಬೇಡ. ಯಾಕೆ ಎಂದು ಮುಂದೆ ಹೇಳುತ್ತೇನೆ.

ನೀವು ಬರೆದಿದ್ದರಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ‘ಎರಡು ಮೂರು ದಿನ ಇರುತ್ತದೆ’ ಎಂಬ ಮಾತು. ದದ್ದು ಕಣ್ಣಿಗೆ ಹೇಗೆ ಕಾಣುತ್ತದೆ ಎನ್ನುವುದು ಅಷ್ಟು ನಂಬುವಂಥದ್ದಲ್ಲ. ಎಷ್ಟು ಹೊತ್ತು ಇರುತ್ತದೆ, ಬೆರಳಿಗೆ ಹೇಗೆ ಸಿಗುತ್ತದೆ, ಹೋಗುವಾಗ ಏನು ಬಿಟ್ಟು ಹೋಗುತ್ತದೆ ಎನ್ನುವುದು ನಂಬಬಹುದಾದದ್ದು. ಈ ಮೂರನ್ನು ಕೇಳದೆ ಫೋಟೋ ನೋಡಿ ಹೆಸರು ಹೇಳುವವರ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ವಾಟ್ಸಾಪಿನಲ್ಲಿ ಇಂಥವರು ಬೇಕಾದಷ್ಟು ಸಿಗುತ್ತಾರೆ.

ಮಾಮೂಲಿ ಪಿತ್ತದ ಗಂಧೆಯಲ್ಲಿ ಒಂದೊಂದು ದದ್ದೂ ಕೆಲವೇ ಗಂಟೆ ಇರುತ್ತದೆ. 24 ಗಂಟೆ ದಾಟುವುದು ಕಡಿಮೆ. ಕಲೆ ಬಿಡುವುದಿಲ್ಲ. ಇಲ್ಲಿ ಮಾಯವಾದ ಹೊತ್ತಿಗೆ ಇನ್ನೊಂದು ಕಡೆ ಎದ್ದಿರುತ್ತದೆ. ಹಾಗಾಗಿ ‘ವಾರದಿಂದ ಹೋಗಿಲ್ಲ’ ಅನ್ನಿಸುತ್ತದೆ. ಹೋಗಿರುತ್ತದೆ, ಜಾಗ ಬದಲಾಗಿರುತ್ತದೆ ಅಷ್ಟೇ. ಅನುಮಾನ ಇದ್ದರೆ ಒಂದು ಬಾಲ್‌ಪೆನ್ ಸಾಕು. ಹೊಸದಾಗಿ ಎದ್ದ ದದ್ದಿನ ಸುತ್ತ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಮರುದಿನ ಅದೇ ಹೊತ್ತಿಗೆ ಗೆರೆಯೊಳಗೆ ಏನಿದೆ ನೋಡಿ. ಖಾಲಿಯಾಗಿದ್ದರೆ ಬಹುಪಾಲು ಮಾಮೂಲಿ ಗಂಧೆ. ಅಲ್ಲೇ ಕೂತಿದ್ದು, ಉರಿಯುತ್ತಿದ್ದು, ನಡುವೆ ರಕ್ತ ಹೆಪ್ಪುಗಟ್ಟಿದ ಬಣ್ಣ ಕಾಣುತ್ತಿದ್ದರೆ ಅದು ಬೇರೆ ಕಥೆ.

ಆ ಬೇರೆ ಕಥೆಗೆ ನಾವು ಅರ್ಟಿಕೇರಿಯಲ್ ವ್ಯಾಸ್ಕುಲೈಟಿಸ್ ಎನ್ನುತ್ತೇವೆ. ಮಧ್ಯವಯಸ್ಸಿನ ಹೆಂಗಸರಲ್ಲಿ ಇದು ಜಾಸ್ತಿ. ಮಾಮೂಲಿ ಗಂಧೆಯಲ್ಲಿ ನಾಳದಿಂದ ನೀರಿನಂಶ ಮಾತ್ರ ಸೋರುತ್ತದೆ, ಅದು ಹೀರಿಕೊಂಡು ಹೋಗುತ್ತದೆ. ಇಲ್ಲಿ ಗೋಡೆಯೇ ಹಾಳಾಗುವುದರಿಂದ ಕೆಂಪು ರಕ್ತಕಣಗಳೂ ಹೊರಗೆ ಬರುತ್ತವೆ. ಅವುಗಳಲ್ಲಿರುವ ಕಬ್ಬಿಣದ ಅಂಶ ಚರ್ಮದಲ್ಲೇ ಉಳಿದು ಕಂದು ಕಲೆಯಾಗುತ್ತದೆ. ಕೀಲು ನೋವು ಇದರ ಜೊತೆ ಬರುವುದು ಮಾಮೂಲು. ಅಲರ್ಜಿ ಮಾತ್ರೆಗೆ ಜಗ್ಗದಿರುವುದೂ ಅಷ್ಟೇ. ನಿಮ್ಮ ವಿವರ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಹಾಗಂತ ಇದೇ ಎಂದು ಪತ್ರ ನೋಡಿ ತೀರ್ಮಾನಿಸುವ ಹಾಗಿಲ್ಲ. ಲಂಗದ ಲಾಡಿ, ಬೆಲ್ಟು ಒತ್ತಿದ ಕಡೆ ತಡವಾಗಿ ಏಳುವ ಒಂದು ಬಗೆಯ ಗಂಧೆಯೂ ಒಂದು ದಿನ ದಾಟಿ ಇರುತ್ತದೆ, ಅದೂ ಉರಿಯುತ್ತದೆ. ಬಯಾಪ್ಸಿ ಬೇಕು ಎನ್ನುವುದು ಇದಕ್ಕೇ.

ಇನ್ನು ಬೇರೆ ಗುರುತುಗಳ ಮಾತು. ನಿಮಗೆ ಇವೆಲ್ಲ ಇಲ್ಲ. ಆದರೆ ಓದುವ ಬೇರೆಯವರ ಮನೆಯಲ್ಲಿ ಯಾರಿಗಾದರೂ ಇರಬಹುದು, ಅಲ್ವಾ?

ವ್ಯಾಸ್ಕುಲೈಟಿಸ್ ಎಂದಕೂಡಲೇ ಡಾಕ್ಟರುಗಳಿಗೆ ನೆನಪಾಗುವುದು ಮಂಡಿಯಿಂದ ಕೆಳಗೆ ಏಳುವ, ಬೆರಳಿಗೆ ಉಬ್ಬು ಸಿಗುವ ಕೆಂಪು-ನೇರಳೆ ಚುಕ್ಕೆಗಳು. ಕಾಲುಚೀಲದ ಇಲಾಸ್ಟಿಕ್ ಒತ್ತುವ ಕಡೆ ದಟ್ಟವಾಗಿರುತ್ತವೆ. ದಿನವಿಡೀ ನಿಂತು ಕೆಲಸ ಮಾಡಿದ ಸಂಜೆ ಹೆಚ್ಚುತ್ತವೆ. ಮಲಗಿಯೇ ಇರುವ ರೋಗಿಗಳಿಗೆ ಕಾಲಿನ ಬದಲು ಕುಂಡೆ, ಬೆನ್ನಿನಲ್ಲಿ ಏಳುತ್ತವೆ. ಗಾಜಿನ ಲೋಟದ ತಳದಿಂದ ಮೆಲ್ಲಗೆ ಒತ್ತಿ ನೋಡಿ. ನಾಳದೊಳಗಿನ ರಕ್ತವಾದರೆ ಸರಿದು ಬಣ್ಣ ಮಾಸುತ್ತದೆ. ಹೊರಗೆ ಸೋರಿದ ರಕ್ತವಾದರೆ ಒತ್ತಿದರೂ ಮಾಸುವುದಿಲ್ಲ. ಪುಸ್ತಕದ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ನಮ್ಮ ಗೋಧಿ, ಕಪ್ಪು ಬಣ್ಣದ ಮೈಯಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಕಂದು ಅಥವಾ ಕಪ್ಪಾಗಿ ಕಾಣಬಹುದು. ಆದ್ದರಿಂದ ಕಣ್ಣಿಗಿಂತ ಬೆರಳನ್ನು ನಂಬಿ. ಕಣ್ಣು ಮುಚ್ಚಿಕೊಂಡು ಸವರಿದರೂ ಉಬ್ಬು ಗೊತ್ತಾಗುತ್ತದೆ. ಫೋಟೋ ತೆಗೆಯುವುದಾದರೆ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಟ್ಯೂಬ್‌ಲೈಟಿನ ಕೆಳಗೆ ಬೇಡ.

ನಮ್ಮ ಕಡೆ ಇದನ್ನು ಇಂಬಳದ (ಜಿಗಣೆಯ) ಗಾಯ ಎಂದುಕೊಳ್ಳುವವರು ಇದ್ದಾರೆ. ಇಂಬಳ ಕಚ್ಚಿದ ಕಡೆ ಒಂದು ತೂತು ಇರುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದೆ ತುಂಬ ಹೊತ್ತು ಒಸರುತ್ತದೆ, ಆಮೇಲೆ ದಿನಗಟ್ಟಲೆ ತುರಿಸುತ್ತದೆ. ಎರಡೂ ಕಾಲಿಗೆ ಒಂದೇ ಸಮ, ಹತ್ತಾರು ಚುಕ್ಕೆ, ಯಾವುದಕ್ಕೂ ತೂತಿಲ್ಲ ಎಂದರೆ ಇಂಬಳವನ್ನು ಬೈದು ಪ್ರಯೋಜನವಿಲ್ಲ. ಉಬ್ಬಿರುವ ನರದವರಿಗೆ ಕಣಕಾಲಿನ ಒಳಬದಿಯಲ್ಲಿ ಬರುವ ಕಂದು ಬಣ್ಣ, ಹೃದಯಕ್ಕೆಂದು ಎಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ) ತಿನ್ನುವವರ ಕೈಮೇಲಿನ ರಕ್ತದ ಕಲೆ, ಇವು ಚಪ್ಪಟೆ. ಇವು ವ್ಯಾಸ್ಕುಲೈಟಿಸ್ ಅಲ್ಲ.

ಜ್ವರದ ಜೊತೆ ಇಂಥ ಚುಕ್ಕೆ ಬಂದರೆ ಲೆಕ್ಕವೇ ಬೇರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ಚಪ್ಪಟೆ ಚುಕ್ಕೆ ಬರುತ್ತದೆ. ಇಲಿ ಜ್ವರವಿದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ನೋವಿಲ್ಲದ ಕರಿ ಹೊಪ್ಪಳೆ ಬಿಡುವ ಸ್ಕ್ರಬ್ ಟೈಫಸ್ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಂತೂ ಬೇಸಿಗೆ ಬಂತೆಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲಿ. ಹೃದಯದ ಕವಾಟದ ಸೋಂಕಿನಲ್ಲೂ ಬೆರಳ ತುದಿ, ಅಂಗೈಯಲ್ಲಿ ಇಂಥದೇ ಕಲೆ ಬರುತ್ತದೆ. ಜ್ವರ ಮತ್ತು ಒತ್ತಿದರೆ ಮಾಸದ ಚುಕ್ಕೆ ಒಟ್ಟಿಗೆ ಇದ್ದರೆ ಚರ್ಮದ ಡಾಕ್ಟರ ಸರದಿಗೆ ಕಾಯಬಾರದು. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಈಗ ನಿಮ್ಮ ಕಾಲಿನ ಬಲೆಯ ವಿಷಯ. ಇದರಲ್ಲಿ ಮೂರು ಬಗೆ ಇದೆ. ಮೂರನ್ನೂ ಬೇರೆ ಮಾಡುವುದು ಕಷ್ಟವೇನಲ್ಲ.

ಚಳಿಗೆ ಬರುವ ಬಲೆ ಒಂದು. ಆಗುಂಬೆ ಕಡೆಯ ಮಂಜಿನ ಬೆಳಗಿನಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ಇಳಿದರೆ ಎಷ್ಟೋ ಜನರ ಕಾಲಲ್ಲಿ ಕಾಣುತ್ತದೆ. ಉಂಗುರಗಳು ಪೂರ್ತಿ ಮುಚ್ಚಿರುತ್ತವೆ, ಎರಡೂ ಕಾಲಲ್ಲಿ ಒಂದೇ ಥರ. ಕಂಬಳಿ ಹೊದ್ದು ಬೆಚ್ಚಗಾದರೆ ಮಾಯ. ಇದಕ್ಕೆ ಏನೂ ಬೇಡ.

ಎರಡನೆಯದು ಬೆಂಕಿಯದು. ಮಳೆಗಾಲವಿಡೀ ಬಚ್ಚಲ ಒಲೆ ಮುಂದೆ ಕಾಲು ಚಾಚಿ ಕೂರುವವರಿಗೆ, ದಿನಾ ಸೊಂಟಕ್ಕೆ ಬಿಸಿನೀರಿನ ಚೀಲ ಇಡುವವರಿಗೆ ಬರುತ್ತದೆ. ಶಾಖ ತಾಗಿದ ಜಾಗದಲ್ಲಷ್ಟೇ ಇರುತ್ತದೆ. ಮೊದಲು ಕೆಂಪಗಿದ್ದು ಆಮೇಲೆ ಕಂದಾಗಿ ಉಳಿಯುತ್ತದೆ. ಒಲೆಯಿಂದ ದೂರ ಕೂತರೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಮಲೆನಾಡಿನಲ್ಲಿ ಕಾಲಿನ ಬಲೆ ನೋಡಿದ ಯಾವ ಡಾಕ್ಟರಾದರೂ ಮೊದಲು ‘ಒಲೆ ಮುಂದೆ ಎಷ್ಟು ಹೊತ್ತು ಕೂರುತ್ತೀರಿ’ ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಚಿಂತೆಯದು. ಉಂಗುರಗಳು ಅಲ್ಲಲ್ಲಿ ತುಂಡಾಗಿರುತ್ತವೆ. ಒಂದು ಕಾಲಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಬೆಚ್ಚಗೆ ಮಾಡಿದರೂ ಹೋಗುವುದಿಲ್ಲ. ಸವರಿದರೆ ಗೆರೆಯ ಗುಂಟ ಬಟಾಣಿಯಷ್ಟು ನೋವಿನ ಗಂಟುಗಳು ಸಿಗಬಹುದು. ಮುಂದೆ ಗೆರೆಯ ಮೇಲೆ ಚರ್ಮ ಕಪ್ಪಾಗಿ ಹುಣ್ಣಾಗಬಹುದು. ಇದು ಸ್ವಲ್ಪ ಆಳದ, ಮಧ್ಯಮ ಗಾತ್ರದ ನಾಳದ ತೊಂದರೆ. ಪಾಲಿಆರ್ಟಿರೈಟಿಸ್ ನೋಡೋಸಾ ಎಂಬ ಕಾಯಿಲೆಯಲ್ಲಿ ಹೀಗಾಗುತ್ತದೆ. ಹೆಪಟೈಟಿಸ್ ಬಿ ಸೋಂಕಿಗೂ ಅದಕ್ಕೂ ನಂಟಿದೆ. ಉರಿಯೂತವಿಲ್ಲದೆ ರಕ್ತ ಸುಮ್ನೆ ಹೆಪ್ಪುಗಟ್ಟುವ ತೊಂದರೆಯಲ್ಲೂ ಇಂಥದೇ ಬಲೆ ಮೂಡುತ್ತದೆ. ನಿಮ್ಮದು ಯಾವುದು? ನಾಳೆ ಬೆಳಿಗ್ಗೆ ಒಂದು ಫೋಟೋ, ಕಾಲು ಹೊದ್ದು ಅರ್ಧ ಗಂಟೆ ಬೆಚ್ಚಗಿದ್ದ ಮೇಲೆ ಇನ್ನೊಂದು ಫೋಟೋ ತೆಗೆಯಿರಿ. ಎರಡನ್ನೂ ಡಾಕ್ಟರಿಗೆ ತೋರಿಸಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹೆಂಗಸರ ಮೀನಖಂಡದ ಹಿಂಬದಿಯಲ್ಲಿ ಗಂಟಾಗಿ, ಒಡೆದು ಹುಣ್ಣಾಗಿ, ಮಾಯ್ದು ಮತ್ತೆ ಬರುತ್ತಿದ್ದರೆ ಕ್ಷಯಕ್ಕೆ ಪರೀಕ್ಷೆ ಆಗಬೇಕು. ಕೆಮ್ಮು ಇಲ್ಲದಿದ್ದರೂ ಆಗಬೇಕು. ಕಾಲಿನ ಮುಂಭಾಗದಲ್ಲಿ ಬಂದು ಒಡೆಯದೆ ಇಳಿಯುವ ಗಂಟು ಬೇರೆ ಜಾತಿ. ಗಂಟಿನ ಜೊತೆ ಎಲ್ಲಾದರೂ ಸ್ಪರ್ಶ ಗೊತ್ತಾಗದ ಜಾಗ ಇದ್ದರೆ ಕುಷ್ಠದ ರಿಯಾಕ್ಷನ್ ಅಲ್ಲವೇ ಎಂದು ನೋಡಬೇಕು. ಕುಷ್ಠ ನಮ್ಮಲ್ಲಿ ಪೂರ್ತಿ ಹೋಗಿಲ್ಲ.

ಬೆರಳ ಗಿಣ್ಣು, ಮೊಣಕೈ, ಮಂಡಿಯ ಹೊರಬದಿಯಲ್ಲಿ ಗಟ್ಟಿಯಾದ ಕೆಂಪು-ಕಂದು ದಡ್ಡುಗಳು ವರ್ಷಗಟ್ಟಲೆ ಇರುವುದುಂಟು. ಕೆಲಸ ಮಾಡಿ ಕೈ ದಡ್ಡುಗಟ್ಟಿದೆ ಎಂದುಕೊಂಡೇ ಕಾಲ ಕಳೆದಿರುತ್ತಾರೆ. ಅದೂ ಸಣ್ಣ ನಾಳದ ಉರಿಯೂತವಿರಬಹುದು. ಡ್ಯಾಪ್ಸೋನ್ ಎಂಬ ಹಳೆಯ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಅದನ್ನು ಕೊಡುವ ಮುಂಚೆ ಜಿ6ಪಿಡಿ ಎಂಬ ರಕ್ತ ಪರೀಕ್ಷೆ ಆಗಬೇಕು.

ಮೂಗಿನಲ್ಲಿ ಸದಾ ಹಕ್ಕಳೆ, ರಕ್ತ, ವಸಡು ಕೆಂಪಗೆ ತರಿತರಿಯಾಗಿ ಊದುವುದು, ಮೊಣಕೈಯಲ್ಲಿ ತುದಿ ಕಪ್ಪಾದ ಗುಳ್ಳೆ, ಇವು ಒಟ್ಟಿಗೆ ಇದ್ದರೆ ಹಲ್ಲಿನ ಡಾಕ್ಟರು, ಮೂಗಿನ ಡಾಕ್ಟರು ಎಂದು ಬೇರೆ ಬೇರೆ ತಿರುಗುವುದು ಬಿಟ್ಟು ಎಲ್ಲವನ್ನೂ ಒಬ್ಬರ ಮುಂದೆ ಹೇಳಿ. ದೊಡ್ಡವರಾದ ಮೇಲೆ ಶುರುವಾದ ಉಬ್ಬಸ, ನೆತ್ತಿ ಮತ್ತು ಮೊಣಕೈಯಲ್ಲಿ ಗಂಟು, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚು ಇದ್ದರೂ ಹಾಗೆಯೇ. ‘ಇಯೋಸಿನೋಫಿಲ್ ತಾನೇ, ಹುಳದ ಮಾತ್ರೆ ತಗೋ’ ಎಂದು ಅಷ್ಟಕ್ಕೇ ಬಿಡುವಂತಿಲ್ಲ.

ಐವತ್ತು ದಾಟಿದವರಿಗೆ ತಲೆ ಬಾಚಿದರೆ ನೆತ್ತಿ ನೋವು, ಕವಳ ಅಗಿಯುವಾಗ ದವಡೆ ಸೋತು ನಿಲ್ಲಿಸಬೇಕಾಗುವುದು, ಕಣತಲೆಯ ನಾಳ ದಪ್ಪಗಾಗುವುದು ಆದರೆ ಅದು ಕಣ್ಣು ಕಳೆಯುವ ಕಾಯಿಲೆ. ನಮ್ಮಲ್ಲಿ ಅಪರೂಪ. ಆದರೆ ತಡ ಮಾಡಿದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಬೀಡಿ ಸೇದುವ ಗಂಡಸರಿಗೆ ಚಿಕ್ಕ ವಯಸ್ಸಿನಲ್ಲೇ ಕಾಲ್ಬೆರಳು ನೀಲಿಗಟ್ಟಿ, ರಾತ್ರಿಯಿಡೀ ನೋವು, ತುದಿ ಕಪ್ಪಾಗುವುದು ಬರ್ಗರ್ ಕಾಯಿಲೆ. ಅಲ್ಲಿ ಔಷಧಿಗಿಂತ ಮೊದಲು ತಂಬಾಕು ಪೂರ್ತಿ ನಿಲ್ಲಬೇಕು. ಬೀಡಿ ಬಿಟ್ಟು ಕವಳಕ್ಕೆ ಹೊಗೆಸೊಪ್ಪು ಹಾಕಿಕೊಂಡರೆ ಬಿಟ್ಟ ಹಾಗಾಗಲಿಲ್ಲ.

ಇಷ್ಟೆಲ್ಲ ಹೇಳಿದರೂ, ನನ್ನನ್ನು ಕೇಳಿದರೆ ಚರ್ಮದ ವ್ಯಾಸ್ಕುಲೈಟಿಸ್ ಅನುಮಾನ ಬಂದವರಿಗೆ ಮೊದಲು ಆಗಬೇಕಾದ ಪರೀಕ್ಷೆ ಮೂತ್ರದ್ದು. ಹೊರಗೆ ಚರ್ಮದ ನಾಳಕ್ಕೆ ಆಗಿದ್ದು ಒಳಗೆ ಕಿಡ್ನಿಯ ನಾಳಕ್ಕೂ ಆಗಿರಬಹುದು. ಕಿಡ್ನಿಗೆ ನೋವು ಗೊತ್ತಾಗುವುದಿಲ್ಲ. ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ, ಪ್ರೊಟೀನ್ ಹೋಗುತ್ತಿರುತ್ತದೆ ಅಷ್ಟೇ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಐಜಿಎ ವ್ಯಾಸ್ಕುಲೈಟಿಸ್ ದೊಡ್ಡವರಿಗೆ ಬಂದರೆ ಕಿಡ್ನಿಗೆ ಏಟು ಬೀಳುವುದು ಇನ್ನೂ ಜಾಸ್ತಿ. ಒಂದು ಸಲ ನಾರ್ಮಲ್ ಬಂತೆಂದು ಸುಮ್ಮನಾಗುವಂತಿಲ್ಲ. ಕೆಲವು ತಿಂಗಳು ಆಗಾಗ ನೋಡುತ್ತಿರಬೇಕು, ಬಿಪಿಯನ್ನೂ ನೋಡಬೇಕು.

ನಿಮಗೆ ಇದರ ಜೊತೆ ರಕ್ತದ ಕಣಗಳ ಎಣಿಕೆ, ಇಎಸ್‌ಆರ್, ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಮತ್ತು ಸಿ, ಎಎನ್‌ಎ, ಸಿ3, ಸಿ4 ಬೇಕಾಗುತ್ತವೆ. ಸಿ3, ಸಿ4 ಎಂದರೆ ರಕ್ತದಲ್ಲಿರುವ, ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೊಟೀನುಗಳು. ಅರ್ಟಿಕೇರಿಯಲ್ ವ್ಯಾಸ್ಕುಲೈಟಿಸಿನಲ್ಲಿ ಅವು ನಾರ್ಮಲ್ ಇದ್ದರೆ ಕಾಯಿಲೆ ಬಹುಮಟ್ಟಿಗೆ ಚರ್ಮ, ಕೀಲಿನಲ್ಲೇ ನಿಲ್ಲುತ್ತದೆ. ಕಡಿಮೆ ಇದ್ದರೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇದೆಯೇ ಎಂದು ಹುಡುಕಬೇಕು. ಶ್ವಾಸಕೋಶ, ಕಣ್ಣು, ಕಿಡ್ನಿ ಎಲ್ಲ ನೋಡಬೇಕು. ನಿಮ್ಮ ಮುಂದಿನ ದಾರಿಯನ್ನು ಈ ಎರಡು ಅಂಕಿಗಳೇ ಬಹಳಷ್ಟು ತೀರ್ಮಾನಿಸುತ್ತವೆ.

ಕಾಯಬಾರದ ಲಕ್ಷಣಗಳು ಹೀಗಿವೆ. ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಹೊಟ್ಟೆ ಹಿಂಡಿ ನೋವಾಗಿ ಮಲ ಕಪ್ಪಾಗುವುದು, ಕೆಮ್ಮಿದರೆ ರಕ್ತ, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಕಣ್ಣು ಮಂಜಾಗುವುದು, ಚರ್ಮ ಗಂಟೆಗಂಟೆಗೂ ಕಪ್ಪಾಗುತ್ತ ಹೋಗುವುದು. ಇವುಗಳಲ್ಲಿ ಒಂದೇ ಬಂದರೂ ರಾತ್ರಿಯಾದರೂ ಸರಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲದ ಆಸ್ಪತ್ರೆಗೋ, ಯಾವುದು ಬೇಗ ತಲುಪುತ್ತದೋ ಅಲ್ಲಿಗೆ ಹೊರಡಿ.

ನಂಜಿನ ಬಗ್ಗೆ. ಬದನೆಕಾಯಿ, ಒಣಮೀನು ಬಿಟ್ಟದ್ದರಿಂದ ಈ ಕಾಯಿಲೆಗೆ ಲಾಭವಿಲ್ಲ, ತಿಂದರೆ ನಷ್ಟವೂ ಇಲ್ಲ. ಮುರುಗಲು ಸಾರು ಬೇಕಾದರೆ ಕುಡಿಯಿರಿ, ರುಚಿಯಾಗಿರುತ್ತದೆ. ಊಟದಲ್ಲಿ ಹುಡುಕುವ ಬದಲು ಔಷಧಿಯಲ್ಲಿ ಹುಡುಕಿ. ದದ್ದು ಶುರುವಾಗುವ ಮುಂಚಿನ ಒಂದೆರಡು ವಾರದಲ್ಲಿ ಹೊಸದಾಗಿ ಏನು ತಗೊಂಡಿರಿ? ನೋವಿನ ಮಾತ್ರೆ, ಆಂಟಿಬಯೋಟಿಕ್, ಬಿಪಿ ಅಥವಾ ಥೈರಾಯ್ಡ್ ಮಾತ್ರೆ, ಯಾರೋ ಕೊಟ್ಟ ಪುಡಿ, ಕಷಾಯ, ಎಲ್ಲ ಬರೆದಿಡಿ. ಕೆಲವರಿಗೆ ಕಾರಣವಾದ ಔಷಧಿ ನಿಲ್ಲಿಸಿದರೆ ಅಷ್ಟಕ್ಕೇ ಇಳಿಯುತ್ತದೆ. ಆದರೆ ಬಿಪಿ, ಥೈರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಈ ಸ್ಟಿರಾಯ್ಡ್ ವಿಚಾರ ಸ್ವಲ್ಪ ಕಟುವಾಗಿಯೇ ಹೇಳಬೇಕು. ಯಾವುದೇ ದದ್ದಿಗೂ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿ ಕಳಿಸುವ ಅಭ್ಯಾಸ ಇದೆ. ಎರಡು ದಿನ ಆರಾಮ ಆಗುತ್ತದೆ, ನಿಜ. ಆಮೇಲೆ ಬಯಾಪ್ಸಿ ಮಾಡಿದರೆ ಏನೂ ಕಾಣದೇ ಹೋಗಬಹುದು. ಬಯಾಪ್ಸಿ ಆಗುವವರೆಗೆ ಅಂಥ ಇಂಜೆಕ್ಷನ್, ಮೆಡಿಕಲ್ ಶಾಪಿನ ಮಿಕ್ಸ್ ಕ್ರೀಮು ಯಾವುದೂ ಬೇಡ. ನಿಜವಾಗಿ ಬೇಕು ಎಂದು ಗೊತ್ತಾದ ಮೇಲೆ ಡಾಕ್ಟರು ಕೊಟ್ಟರೆ ಹೆದರದೆ ತಗೊಳ್ಳಿ, ಹೇಳದೆ ಬಿಡಬೇಡಿ. ಶುರು ಮಾಡುವ ಮುಂಚೆ ಒಂದು ಮಾತು ತಿಳಿಸಿ: ‘ನಾನು ತೋಟದಲ್ಲಿ ಬರಿಗಾಲಲ್ಲಿ ಓಡಾಡುವವಳು.’ ಹಸಿ ಮಣ್ಣಿನಿಂದ ಪಾದದ ಚರ್ಮದ ಮೂಲಕ ಒಳಹೋಗುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳ ಇದೆ. ವರ್ಷಗಟ್ಟಲೆ ಕರುಳಿನಲ್ಲಿ ಸದ್ದಿಲ್ಲದೆ ಇರುತ್ತದೆ. ಸ್ಟಿರಾಯ್ಡ್ ಸಿಕ್ಕಿದಾಗ ಮಿತಿಮೀರಿ ಹೆಚ್ಚಿ ಜೀವಕ್ಕೇ ಅಪಾಯ ತರಬಹುದು. ಪರೀಕ್ಷೆ ಮಾಡಿ ಅಥವಾ ಮೊದಲೇ ಹುಳದ ಮಾತ್ರೆ ಕೊಟ್ಟು ಇದನ್ನು ತಪ್ಪಿಸಬಹುದು. ಅಂದಹಾಗೆ ಎಲ್ಲರಿಗೂ ಸ್ಟಿರಾಯ್ಡ್ ಬೇಕಾಗುವುದಿಲ್ಲ. ಚರ್ಮಕ್ಕೆ ಸೀಮಿತವಾದದ್ದಕ್ಕೆ ಕಾಲ್ಚಿಸಿನ್, ಡ್ಯಾಪ್ಸೋನ್‌ನಂಥ ಮಾತ್ರೆಗಳಿವೆ. ಕಾಲಿನ ಚುಕ್ಕೆಯಷ್ಟೇ ಇದ್ದವರಿಗೆ ವಿಶ್ರಾಂತಿ, ಕಾಲು ಎತ್ತರದಲ್ಲಿಟ್ಟು ಮಲಗುವುದು ಇಷ್ಟರಲ್ಲೇ ಎಷ್ಟೋ ಸಲ ವಾರಗಳಲ್ಲಿ ಇಳಿದುಹೋಗುತ್ತದೆ.

ಕೊಯ್ಲಿನವರೆಗೆ ಯಾಕೆ ಕಾಯಬಾರದು? ಒಂದು, ಒಳಗೆ ಕಿಡ್ನಿಗೆ ಏನಾಗಿದೆ ಎಂದು ಇನ್ನೂ ಗೊತ್ತಿಲ್ಲ. ಇನ್ನೊಂದು, ಬಯಾಪ್ಸಿಗೆ ಹಳೆಯ ಕಲೆ ಉಪಯೋಗವಿಲ್ಲ. ಹುಟ್ಟಿ 24ರಿಂದ 48 ಗಂಟೆಯೊಳಗಿನ ದದ್ದು ಬೇಕು. ಈಗ ಏಳುತ್ತಿದೆ, ಈಗಲೇ ಸಿಗುತ್ತದೆ. ಆದ್ದರಿಂದ ಡಾಕ್ಟರ ಹತ್ತಿರ ಒಂದು ದಿನಾಂಕ ನಿಗದಿ ಮಾಡಿಕೊಳ್ಳುವ ಬದಲು ‘ಹೊಸದು ಎದ್ದ ಮರುದಿನ ಬರುತ್ತೇನೆ’ ಎಂದು ಹೇಳಿಟ್ಟಿರಿ. ಎದ್ದಕೂಡಲೇ ಪೆನ್ನಿನಲ್ಲಿ ಸುತ್ತು ಹಾಕಿ ಗಂಟೆ ಬರೆದುಕೊಂಡು ಹೊರಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸುಮಾರು 4 ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ. ಒಂದೆರಡು ಹೊಲಿಗೆ, ಅದೇ ದಿನ ಮನೆಗೆ. ಎರಡು ತುಣುಕು ಕೇಳಿದರೆ ಗಾಬರಿ ಬೇಡ, ಎರಡನೆಯದು ಇಮ್ಯುನೋಫ್ಲೋರೆಸೆನ್ಸ್ ಎಂಬ ಪರೀಕ್ಷೆಗೆ. ಬಲೆಯ ಜಾಗದಿಂದಲೂ ತೆಗೆಯಬೇಕಾದರೆ ಸ್ವಲ್ಪ ಆಳಕ್ಕೆ ಹೋಗಬೇಕಾಗಬಹುದು. ಮಂಡಿಯ ಕೆಳಗಿನ ಗಾಯ ಮಾಯುವುದು ನಿಧಾನ. ನಿಮಗೆ ಗಂಧೆ ತೊಡೆ, ಬೆನ್ನಿನಲ್ಲಿ ಇರುವುದರಿಂದ ಅಲ್ಲಿಂದಲೇ ತೆಗೆಯಬಹುದು.

ಹೊಲಿಗೆ ಬಿಚ್ಚಲು ಹತ್ತರಿಂದ ಹದಿನಾಲ್ಕು ದಿನ. ಅಷ್ಟು ದಿನ ಅಡಿಕೆ ಕೊನೆ ಹೊರುವುದು, ಹಸಿ ತೋಟದಲ್ಲಿ ನಿಲ್ಲುವುದು ಬೇರೆಯವರಿಗೆ ಬಿಡಿ. ಸುಲಿಯಲು ಮೆಟ್ಟುಗತ್ತಿ ಮುಂದೆ ಕೂರುವುದಾದರೆ ತೊಡೆಯ ಹೊಲಿಗೆ ಎಳೆಯದ ಹಾಗೆ ನೋಡಿಕೊಳ್ಳಿ, ಗಂಟೆಗೊಮ್ಮೆ ಎದ್ದು ಓಡಾಡಿ. ಮೂತ್ರ ಪರೀಕ್ಷೆಯನ್ನು ಮಾತ್ರ ಬಯಾಪ್ಸಿಗೆ ಕಾಯದೆ ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮಾಡಿಸಿ, ರಿಪೋರ್ಟನ್ನು ಜೊತೆಗೆ ಒಯ್ಯಿರಿ.